ಹಳೇ ವಿನ್ಯಾಸದ ಹೆವಿ ಡ್ಯೂಟಿ ಪಿಕಪ್: ದುಡಿಸೋದಕ್ಕೆ ಕೊಳ್ಳುವ ಮುಂಚೆ ಏನೇನು ನೋಡಬೇಕು?

ನಟ್ಟುಬೋಲ್ಟು (ಪ್ರಶ್ನೆ)

ಸಿಂಗಲ್ ಕ್ಯಾಬ್ ಪಿಕಪ್ ಒಂದು ಮಾರಾಟಕ್ಕಿದೆ. ಲ್ಯಾಡರ್ ಚಾಸಿ (ಏಣಿಯಂಥ ಉಕ್ಕಿನ ಚೌಕಟ್ಟು), ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಹಿಂದೆ ಲೀಫ್ ಸ್ಪ್ರಿಂಗ್, ಫೋರ್ ವೀಲ್ ಡ್ರೈವ್. ಎಂಜಿನ್ 4.2 ಲೀಟರಿನ ಆರು ಸಿಲಿಂಡರ್ ಡೀಸೆಲ್, ಇನ್‌ಡೈರೆಕ್ಟ್ ಇಂಜೆಕ್ಷನ್, ಮೆಕ್ಯಾನಿಕಲ್ ರೋಟರಿ ಪಂಪು, 5 ಗೇರು. ಗಾಡಿಗೆ 12 ವರ್ಷ ವಯಸ್ಸು, ಮೀಟರಿನಲ್ಲಿ 2.4 ಲಕ್ಷ ಕಿಮೀ. ಪ್ಲೇಟಿನ ಮೇಲೆ ಒಟ್ಟು ತೂಕದ ಮಿತಿ 3,300 ಕೆಜಿ, ಮುಂದಿನ ಆಕ್ಸಲ್‌ಗೆ 1,480, ಹಿಂದಿನದಕ್ಕೆ 2,300. ಕೈಪಿಡಿಯಲ್ಲಿ ಬಾಡಿ ಇಲ್ಲದ ಖಾಲಿ ತೂಕ 2,010 ಕೆಜಿ.

ಈಗಿನ ಮಾಲೀಕರು ಹಾಕಿಸಿರುವುದು: ಉಕ್ಕಿನ ಬಾಡಿ, ಬುಲ್ ಬಾರ್ ಮತ್ತು ವಿಂಚ್, ಹಿಂದೆ 50 ಮಿಮೀ ಎತ್ತರಿಸಿದ ಸ್ಪ್ರಿಂಗ್, ಅದರ ಜೊತೆಗೆ ಸಹಾಯಕ್ಕೆ ಗಾಳಿ ತುಂಬುವ ಏರ್ ಬ್ಯಾಗ್, ಎಂಜಿನ್‌ಗೆ ಹೊರಗಿನ ಟರ್ಬೊ.

ನಮ್ಮ ಕೆಲಸ: ವೆಲ್ಡಿಂಗ್ ಜನರೇಟರ್ (250 ಕೆಜಿ), ಸಿಲಿಂಡರ್, ಉಪಕರಣ ಎಲ್ಲ ಸೇರಿ 750 ಕೆಜಿ ಸಾಮಾನು, ಇಬ್ಬರು ಜನ, ಹಿಂದೆ 2,000 ಕೆಜಿಯ ಕಂಪ್ರೆಸರ್ ಟ್ರೇಲರ್. ಹೆಚ್ಚಿನ ಓಡಾಟ ಮಣ್ಣು ರಸ್ತೆ, ನಿಧಾನ. ಎಲೆಕ್ಟ್ರಾನಿಕ್ಸ್ ಕಡಿಮೆ ಇರುವ ಗಾಡಿಯೇ ಬೇಕು ಅನ್ನೋದು ನಿಜ, ಆದರೆ ಹಳೆಯದು ಎಂದ ಮಾತ್ರಕ್ಕೆ ಗಟ್ಟಿ ಅಂತ ನಂಬಿ ಕೈ ಸುಟ್ಟುಕೊಳ್ಳೋದು ಬೇಡ. ಯಾವುದನ್ನು ಮೊದಲು ನೋಡಬೇಕು, ಏನು ಕಂಡರೆ ವಾಪಸ್ ಬರಬೇಕು?

ತೂಕದ ಲೆಕ್ಕ (ಉತ್ತರ)

ಎಂಜಿನ್ ಬಾನೆಟ್ ಎತ್ತುವ ಮೊದಲು ಕಾಗದದ ಮೇಲೆ ಕೂಡಿ ಕಳೆಯಿರಿ. ಈ ಜಾತಿಯ ಗಾಡಿಗಳನ್ನು ಕೊಳ್ಳುವವರು ಎಡವುವುದು ಇಲ್ಲೇ.

3,300ರಲ್ಲಿ 2,010 ಕಳೆದರೆ 1,290. ಇದು ನೋಡೋಕೆ ಚೆನ್ನಾಗಿದೆ. ಈಗ ಅಂದಾಜಿನ ಮೇಲೆ ಕಳೆಯುತ್ತಾ ಹೋಗಿ: ಉಕ್ಕಿನ ಬಾಡಿ 210, ಬುಲ್ ಬಾರ್ ಮತ್ತು ವಿಂಚ್ 110, ಇಬ್ಬರು ಜನ 160, ಟೂಲ್ ಬಾಕ್ಸ್ ಮತ್ತು ರ‍್ಯಾಕ್ 90, ಎರಡನೇ ಬ್ಯಾಟರಿ ಇದ್ದರೆ 25, ಎರಡನೇ ಸ್ಟೆಪ್ನಿ 40, ಟ್ರೇಲರ್ ಎಳೆಯುವ ಬಾರ್ 35. ಇಲ್ಲಿಗೆ 670 ಹೋಯಿತು, ಉಳಿದದ್ದು 620. ಅಂದರೆ ಟ್ರೇಲರ್ ಇಲ್ಲದೆಯೇ ನಿಮ್ಮ 750 ಕೆಜಿ ಸಾಮಾನು 130 ಕೆಜಿ ಮಿತಿ ಮೀರಿತು.

ಟ್ರೇಲರ್ ಕೊಂಡಿಯ ಮೇಲೆ ಬೀಳುವ ಭಾರ ಟ್ರೇಲರ್ ತೂಕದ ಸುಮಾರು 10% ಇರಬೇಕು. ಅದಕ್ಕಿಂತ ತೀರ ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಆಡುತ್ತದೆ. 2,000 ಕೆಜಿಗೆ 200. ಆ 200 ಕೂಡ ಪಿಕಪ್‌ನ ಒಟ್ಟು ತೂಕಕ್ಕೇ ಸೇರುತ್ತದೆ. ಆಗ ಸಾಮಾನಿಗೆ ಉಳಿಯುವುದು 420 ಕೆಜಿ ಮಾತ್ರ.

ಆಕ್ಸಲ್ ಲೆಕ್ಕ ಬೇರೆಯೇ ಮಾಡಬೇಕು. ಕೊಂಡಿ ಹಿಂದಿನ ಆಕ್ಸಲ್‌ನಿಂದ 1.25 ಮೀ ಹಿಂದಿದೆ, ವೀಲ್ ಬೇಸ್ 3.2 ಮೀ ಅಂದುಕೊಳ್ಳಿ. 200 ಕೆಜಿ ಕೊಂಡಿ ಭಾರ ಹಿಂದಿನ ಆಕ್ಸಲ್ ಮೇಲೆ 200 × (3.2 + 1.25) ÷ 3.2, ಅಂದರೆ 278 ಕೆಜಿಯಾಗಿ ಕೂರುತ್ತದೆ. ಹೆಚ್ಚಾದ 78 ಕೆಜಿ ಮುಂದಿನ ಆಕ್ಸಲ್‌ನಿಂದ ಎದ್ದು ಬಂದದ್ದು. ಸ್ಟೇರಿಂಗ್ ಹಗುರ ಅನ್ನಿಸುವುದಕ್ಕೆ, ಮುಂದಿನ ಬ್ರೇಕು ಕಚ್ಚದೆ ಇರುವುದಕ್ಕೆ ಇದೇ ಕಾರಣ.

ಹಾಗಾಗಿ ಮಾಲೀಕರ ಒಪ್ಪಿಗೆ ಪಡೆದು, ಟ್ಯಾಂಕ್ ತುಂಬಿಸಿ, ವೇಬ್ರಿಡ್ಜ್‌ಗೆ ಹತ್ತಿಸಿ. ಮುಂದಿನ ಚಕ್ರ ಮಾತ್ರ ಒಮ್ಮೆ, ಇಡೀ ಗಾಡಿ ಒಮ್ಮೆ, ಹಿಂದಿನ ಚಕ್ರ ಮಾತ್ರ ಒಮ್ಮೆ. ಆ ಮೂರು ಅಂಕಿ ಇಲ್ಲಿ ಹಾಕಿ. ಕೈಪಿಡಿಯ ಖಾಲಿ ತೂಕವನ್ನು ಪೂರ್ತಿ ನಂಬಬೇಡಿ. ಕೆಲವರು ಟ್ಯಾಂಕ್ ತುಂಬಿಸಿ ಅಳೆಯುತ್ತಾರೆ, ಕೆಲವರು 10 ಲೀಟರ್ ಹಾಕಿ ಅಳೆಯುತ್ತಾರೆ, ಕೆಲವರು ಡ್ರೈವರನ್ನೂ ಸೇರಿಸುತ್ತಾರೆ.

ಟೈರ್ ಬಗ್ಗೆ ಒಂದು ಮಾತು. ಹಿಂದಿನ ಆಕ್ಸಲ್ 2,300 ಅಂದರೆ ಒಂದೊಂದು ಟೈರಿಗೆ 1,150. ಲೋಡ್ ಇಂಡೆಕ್ಸ್ (ಟೈರಿನ ಮೇಲೆ ಬರೆದಿರುವ ಭಾರ ಮಿತಿಯ ಸಂಖ್ಯೆ) 112 ಇದ್ದರೆ 1,120 ಕೆಜಿ ಮಾತ್ರ, ಸಾಲದು. 116 ಆದರೆ 1,250, 120 ಆದರೆ 1,400. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ ಕೋಡ್ ಕೂಡ ಓದಿ: 2319 ಅಂದರೆ 2019ರ 23ನೇ ವಾರ. ಗೆರೆ ಎಷ್ಟೇ ಚೆನ್ನಾಗಿದ್ದರೂ ಗೋಡೆಯಲ್ಲಿ ಬಿರುಕು ಕಂಡ ಹಳೇ ಟೈರಿಗೆ ಈ ಭಾರ ಹೊರಿಸಬೇಡಿ.

ಚಾಸಿಮೇಷ್ಟ್ರು

ಮೇಲಿನವರು ಹೇಳಿದ್ದಕ್ಕೆ ಸೇರಿಸಿ ಹೇಳೋದಾದರೆ, ನಿಮ್ಮ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಅನುಮಾನ ಹುಟ್ಟಿಸಿದ್ದು ಟರ್ಬೊ ಅಲ್ಲ, ಏರ್ ಬ್ಯಾಗ್.

ಲೀಫ್ ಸ್ಪ್ರಿಂಗ್ ತನ್ನ ಭಾರವನ್ನು ಚಾಸಿಗೆ ಎರಡು ಕಡೆ ದಾಟಿಸುತ್ತದೆ: ಮುಂದಿನ ಹ್ಯಾಂಗರ್, ಹಿಂದಿನ ಶ್ಯಾಕಲ್. ಎರಡರ ನಡುವೆ ಒಂದು ಮೀಟರಿಗೂ ಹೆಚ್ಚು ಅಂತರ. ಆಕ್ಸಲ್ ಮೇಲೆ ಏರ್ ಬ್ಯಾಗ್ ಇಟ್ಟು ಗಾಳಿ ತುಂಬಿದರೆ ಅದೇ ಭಾರ ಆಕ್ಸಲ್‌ನ ನೆತ್ತಿಯ ಮೇಲೆ, ಅಂಗೈಯಗಲದ ಜಾಗದಲ್ಲಿ ಚಾಸಿಯನ್ನು ಮೇಲಕ್ಕೆ ತಳ್ಳುತ್ತದೆ. ಹಿಂದೆ ಟ್ರೇಲರ್ ಕೊಂಡಿ ಕೆಳಗೆ ಎಳೆಯುತ್ತಿರುತ್ತದೆ, ಮುಂದೆ ಕ್ಯಾಬ್ ಮತ್ತು ಎಂಜಿನ್. ಗುಂಡಿಗೆ ಬಿದ್ದಾಗ ಚಾಸಿ ಆ ಬಿಂದುವಿನಲ್ಲೇ ಬಾಗುತ್ತದೆ. ಲೋಡು ಹೆಚ್ಚಿದ್ದರೆ ಸರಿಯಾದ ಹೆಚ್ಚುವರಿ ಪ್ಲೇಟ್ ಹಾಕಿಸಿದ ಸ್ಪ್ರಿಂಗ್ ಬೇಕೇ ಹೊರತು, ಸೋತ ಸ್ಪ್ರಿಂಗಿಗೆ ಗಾಳಿಯ ಊರುಗೋಲಲ್ಲ. ಬ್ಯಾಗ್ ಹಾಕಿದ್ದರಿಂದ ಗಾಡಿಯ ತೂಕದ ಮಿತಿಯೂ ಒಂದು ಕೆಜಿ ಹೆಚ್ಚುವುದಿಲ್ಲ, ಬರೀ ಹಿಂಭಾಗ ಮಟ್ಟವಾಗಿ ಕಾಣುತ್ತದೆ ಅಷ್ಟೆ.

ಬಾಗಿದೆಯೋ ಇಲ್ಲವೋ ನೋಡುವುದು ಕಷ್ಟವಲ್ಲ. ಮಟ್ಟ ನೆಲದಲ್ಲಿ ನಿಲ್ಲಿಸಿ, ಕ್ಯಾಬ್ ಹಿಂಗೋಡೆಗೂ ಬಾಡಿಯ ಮುಂಗೋಡೆಗೂ ನಡುವಿನ ಸಂದನ್ನು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಅಳೆಯಿರಿ. ಮೇಲೆ ಕಿರಿದು, ಕೆಳಗೆ ಅಗಲ, ಅಥವಾ ತದ್ವಿರುದ್ಧ ಆಗಿದ್ದರೆ ಚಾಸಿ ಬಾಗಿರಬಹುದು, ಬಾಡಿಯೇ ವಾರೆಯಾಗಿ ಕೂತಿರಬಹುದು. ಯಾವುದು ಅಂತ ತಿಳಿಯಲು ಕೆಳಗೆ ಮಲಗಿ ಚಾಸಿಯ ಪಟ್ಟಿಯ ಉದ್ದಕ್ಕೂ ಬಿಗಿಯಾಗಿ ದಾರ ಹಿಡಿದು, ಎಡ ಬಲ ಎರಡೂ ಬದಿಯಲ್ಲಿ ಒಂದೇ ಜಾಗಗಳಲ್ಲಿ ದಾರದಿಂದ ಲೋಹಕ್ಕೆ ಎಷ್ಟು ಅಂತರ ಅಂತ ಹೋಲಿಸಿ. ಬ್ಯಾಗ್ ಕೂತ ಜಾಗದಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ, ಕೆಳ ಅಂಚಿನಲ್ಲಿ ಕೂದಲೆಳೆಯ ತುಕ್ಕು ಗೆರೆ ಇದ್ದರೆ ಅಲ್ಲಿಗೆ ಬಿಟ್ಟುಬಿಡಿ. ಬಿರುಕಿನಿಂದ ತುಕ್ಕುನೀರು ಇಳಿಯುವುದರಿಂದ ಆ ಗೆರೆ ಮೂಡುತ್ತದೆ.

ಬಿರುಕು ಹುಡುಕಬೇಕಾದ ಬೇರೆ ಜಾಗಗಳು: ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಸುತ್ತ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಬ್ರ್ಯಾಕೆಟ್, ಕ್ಯಾಬ್ ಮುಗಿದು ಬಾಡಿ ಶುರುವಾಗುವಲ್ಲಿ, ಸ್ಪ್ರಿಂಗ್ ಹ್ಯಾಂಗರ್ ವೆಲ್ಡಿಂಗ್ ಅಂಚು. ಚಾಸಿಯ ಮೇಲಿನ ಅಥವಾ ಕೆಳಗಿನ ಪಟ್ಟಿಯಲ್ಲಿ ಯಾರಾದರೂ ಹೊಸದಾಗಿ ತೂತು ಕೊರೆದಿದ್ದಾರೋ, ಅಡ್ಡಕ್ಕೆ ವೆಲ್ಡ್ ಎಳೆದಿದ್ದಾರೋ ನೋಡಿ. ಎಳೆತದ ಒತ್ತಡ ಹೆಚ್ಚಿರುವುದು ಆ ಪಟ್ಟಿಗಳಲ್ಲೇ, ಅಡ್ಡ ವೆಲ್ಡ್ ಅಂದರೆ ಬಿರುಕಿಗೆ ಗೆರೆ ಎಳೆದುಕೊಟ್ಟ ಹಾಗೆ.

ತುಕ್ಕು ಒಳಗಿನಿಂದ ತಿನ್ನುತ್ತದೆ. ಬಾಕ್ಸ್ ಚಾಸಿಯ ನೀರು ಇಳಿಯುವ ತೂತುಗಳಲ್ಲಿ ಕೆಸರು ಕಟ್ಟಿಕೊಂಡರೆ ಒಳಗೆ ಸದಾ ತೇವ. ಸಣ್ಣ ಸುತ್ತಿಗೆಯಿಂದ ಹಿಂದಿನ ಆಕ್ಸಲ್ ಮೇಲ್ಭಾಗದ ಕಮಾನಿನ ಉದ್ದಕ್ಕೂ ತಟ್ಟುತ್ತಾ ಹೋಗಿ: ಒಳ್ಳೆ ಲೋಹ ಠಣ್ ಅನ್ನುತ್ತದೆ, ತಿಂದುಹೋದದ್ದು ಮಂದ ಶಬ್ದ ಕೊಡುತ್ತದೆ. ಅನುಮಾನ ಬಂದಲ್ಲಿ ಹಳೇ ಸ್ಕ್ರೂ ಡ್ರೈವರ್ ಒತ್ತಿ. ಹೊಸದಾಗಿ ದಪ್ಪಗೆ ಕಪ್ಪು ಬಳಿದ ಚಾಸಿ ಕಂಡರೆ ಇನ್ನೂ ಹೆಚ್ಚು ತಟ್ಟಿ.

ಉಳಿದದ್ದೆಲ್ಲ ಬೋಲ್ಟ್ ಬಿಚ್ಚಿ ಬದಲಾಯಿಸುವ ಸಾಮಾನು. ಚಾಸಿ ಹಾಗಲ್ಲ.

ಸ್ಪ್ರಿಂಗ್ ಬಗ್ಗೆ: ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ಹತ್ತಿರ ಮುರಿದ ಪ್ಲೇಟ್ ಹೊರಗೆ ಕಾಣಿಸದು, ಪಕ್ಕದಿಂದ ಟಾರ್ಚ್ ಹಾಕಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್ ಒಮ್ಮೆ ಬಿಗಿದರೆ ಎಳೆದುಕೊಂಡಿರುತ್ತದೆ, ಸ್ಪ್ರಿಂಗ್ ಬಿಚ್ಚಿದಾಗ ಹೊಸದೇ ಹಾಕಬೇಕು, 500 ಕಿಮೀ ಓಡಿದ ಮೇಲೆ ಮತ್ತೆ ಟಾರ್ಕ್ ನೋಡಬೇಕು. ಸಡಿಲ ಯು ಬೋಲ್ಟೇ ಸೆಂಟರ್ ಬೋಲ್ಟ್ ಕತ್ತರಿಸುವುದಕ್ಕೆ ಮೂಲ.

ನಟ್ಟುಬೋಲ್ಟು

ಚಾಸಿಮೇಷ್ಟ್ರೇ, ತೂಕದ ಲೆಕ್ಕ ಅವರೇ, ಇಬ್ಬರಿಗೂ ಧನ್ಯವಾದ. ವೇಬ್ರಿಡ್ಜ್ ಅಂಕಿ ತರುತ್ತೇನೆ. ಎಂಜಿನ್ ಬಗ್ಗೆ? ಟರ್ಬೊ ಹಾಕಿದವರು ಪಂಪ್ ಮುಟ್ಟಿಲ್ಲ ಅಂತಾರೆ.

ನಾಜಲ್

ಮುಟ್ಟಿಲ್ಲ ಅನ್ನೋದನ್ನು ಪಂಪೇ ಹೇಳುತ್ತದೆ. ರೋಟರಿ ಪಂಪಿನ ಹಿಂಭಾಗದಲ್ಲಿ ಫುಲ್ ಲೋಡ್ ಸ್ಕ್ರೂ ಇರುತ್ತದೆ, ಅದರ ಮೇಲೆ ಕಾರ್ಖಾನೆಯ ಸೀಲು ಅಥವಾ ಕಾಲರ್. ಅದು ಒಡೆದಿದ್ದರೆ, ಸ್ಕ್ರೂವಿನ ತಿರುಪು ಗೆರೆಗಳಲ್ಲಿ ಹೊಸ ಹೊಳಪಿದ್ದರೆ ಡೀಸೆಲ್ ಹೆಚ್ಚಿಸಿದ್ದಾರೆ. ಈ ಎಂಜಿನ್ ಟರ್ಬೊ ಇಲ್ಲದೆ ಹುಟ್ಟಿದ್ದು. ಟರ್ಬೊ ಇಟ್ಟು ಭಾರ ಎಳೆದರೆ ಕಷ್ಟ ಪಡುವುದು ಹೆಡ್ಡು ಮತ್ತು ಪಿಸ್ಟನ್: ವಾಲ್ವ್‌ಗಳ ನಡುವಿನ ತೆಳು ಸೇತುವೆಯಲ್ಲಿ, ಪ್ರಿ ಚೇಂಬರ್ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಪುಟ್ಟ ಕೋಣೆ) ಪಕ್ಕದಲ್ಲಿ ಬಿರುಕು. ಎಗ್ಜಾಸ್ಟ್ ತಾಪದ ಮೀಟರ್ ಟರ್ಬೊಗೆ ಮುಂಚೆ ಕೂರಿಸಿದ್ದಾರಾ ಕೇಳಿ. ಇಲ್ಲ ಅಂದರೆ ಡ್ರೈವರ್ ಕಣ್ಣು ಕಟ್ಟಿ ಎಳೆದಿದ್ದಾನೆ ಅಂತಲೇ ಅರ್ಥ. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) 5ರಿಂದ 7 ಪಿಎಸ್‌ಐ, ಏರಿನಲ್ಲಿ ಒಂದೇ ಸಮ ಎಳೆಯುವಾಗ ತಾಪ 650 ಡಿಗ್ರಿ ಆಸುಪಾಸು, ಅದರೊಳಗೆ ಇದ್ದರೆ ಬಾಳುತ್ತದೆ.

ನೋಡುವ ಕ್ರಮ ಹೀಗೆ. ರಾತ್ರಿಯಿಡೀ ನಿಂತ, ತಣ್ಣಗಿರುವ ಎಂಜಿನ್ನನ್ನೇ ಸ್ಟಾರ್ಟ್ ಮಾಡಬೇಕು. ನೀವು ಹೋಗುವ ಹೊತ್ತಿಗೆ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಅಂತ ಹೇಳಿ ಬನ್ನಿ. ಹೀಟರ್ ಪ್ಲಗ್ ದೀಪ ಆರಿದ ಮೇಲೆ ಸೆಲ್ಫ್ ಹೊಡೆದರೆ ಎರಡು ಮೂರು ಸೆಕೆಂಡಿನಲ್ಲಿ ಹಿಡಿಯಬೇಕು. ಹಿಡಿದ ಮೇಲೆ ಒಂದೆರಡು ಸಿಲಿಂಡರ್ ತಪ್ಪಿ ಬಿಳಿ ಹೊಗೆ ಬಂದು, ಅದರಲ್ಲಿ ಹಸಿ ಡೀಸೆಲ್ ವಾಸನೆ ಇದ್ದು, ನಿಮಿಷದಲ್ಲಿ ಸರಿಯಾದರೆ ಹೀಟರ್ ಪ್ಲಗ್ ಸತ್ತಿದೆ, ದೊಡ್ಡ ವಿಷಯವಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ, ಸಿಹಿ ವಾಸನೆ ಅಂದರೆ ಕೂಲಂಟ್ ಸುಡುತ್ತಿದೆ. ಉದ್ದ ಇಳಿಜಾರಿನಲ್ಲಿ ಗೇರಿನಲ್ಲೇ ಇಳಿದು ಮತ್ತೆ ಒತ್ತಿದಾಗ ನೀಲಿ ಹೊಗೆಯ ಉಂಡೆ ಬಂದರೆ ವಾಲ್ವ್ ಸೀಲ್. ಸದಾ ನೀಲಿ ಅಂದರೆ ರಿಂಗು.

ತುಂಬ ಹೊತ್ತು ಸೆಲ್ಫ್ ಹೊಡೆದ ಮೇಲೆಯೇ ಹಿಡಿಯುತ್ತದೆ, ಆಮೇಲೆ ಇಡೀ ದಿನ ಚೆನ್ನಾಗಿದೆ ಅಂದರೆ ಡೀಸೆಲ್ ಲೈನಿನಲ್ಲಿ ಗಾಳಿ. ಪಂಪಿಗೆ ಬರುವ ಕಡೆ ಒಂದು ತುಂಡು ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಾಣುತ್ತದೆ. ಹಳೇ ಪಂಪುಗಳ ರಬ್ಬರ್ ಸೀಲು ಕಡಿಮೆ ಗಂಧಕದ ಡೀಸೆಲ್ ಬಂದ ಮೇಲೆ ಕುಗ್ಗಿ ಸೋರುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಪಂಪಿನ ಹೊಟ್ಟೆ ಒದ್ದೆಯಿದೆಯಾ ಬೆರಳಿಟ್ಟು ನೋಡಿ. ವಿಟಾನ್ ಸೀಲ್ ಕಿಟ್ ಹಾಕಿ ಪಂಪ್ ಬೆಂಚಿನ ಮೇಲೆ ಕ್ಯಾಲಿಬ್ರೇಟ್ ಮಾಡಿಸಿದರೆ ಮುಗಿಯಿತು. ಆದರೆ ಆ ಖರ್ಚನ್ನು ಬೆಲೆ ಮಾತಾಡುವಾಗಲೇ ಹಿಡಿಯಿರಿ.

ಬ್ಯಾಕ್ ಕಂಪ್ರೆಶನ್ (ಪಿಸ್ಟನ್ ರಿಂಗು ದಾಟಿ ಕೆಳಗೆ ನುಗ್ಗುವ ಗಾಳಿ): ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ತಲೆಕೆಳಗಾಗಿ ಅದೇ ಬಾಯಿ ಮೇಲಿಡಿ. ಸ್ವಲ್ಪ ಅಲುಗಿದರೆ ಪರವಾಗಿಲ್ಲ, ಹಾರಿ ಬಿದ್ದರೆ ಕಂಪ್ರೆಶನ್ ಅಳೆಸಲೇಬೇಕು. ಮಾಪಕ ಹೀಟರ್ ಪ್ಲಗ್ ತೂತಿನಲ್ಲಿ ಕೂರುತ್ತದೆ. ಒಟ್ಟು ಅಂಕಿಗೆ ಕೈಪಿಡಿಯ ಕನಿಷ್ಠ ಮಿತಿ ನೋಡಿ, ಆದರೆ ನನ್ನ ಮಟ್ಟಿಗೆ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಮುಖ್ಯ. ಐದು ಒಂದೇ ಸಮ ಇದ್ದು ಒಂದು ಮಾತ್ರ ಅವಕ್ಕಿಂತ 15%ಗೂ ಹೆಚ್ಚು ಕೆಳಗಿದ್ದರೆ ಟರ್ಬೊ ತನ್ನ ಕೆಲಸ ಶುರು ಮಾಡಿದೆ.

ಹೆಡ್ಡಿಗೆ: ರೇಡಿಯೇಟರ್ ಬಾಯಿಗೆ ನೀಲಿ ದ್ರಾವಣದ ಟೆಸ್ಟರ್ ಹಿಡಿಯಿರಿ. ಸುಟ್ಟ ಗಾಳಿ ಕೂಲಂಟಿಗೆ ಬರುತ್ತಿದ್ದರೆ ದ್ರಾವಣ ಹಳದಿಯಾಗುತ್ತದೆ. ಎಂಜಿನ್ ಬಿಸಿಯಾಗಿ, ಭಾರ ಎಳೆದು ಬಂದ ಮೇಲೆ ಮಾಡಬೇಕು, ತಣ್ಣಗಿದ್ದಾಗ ಬಿರುಕು ಮುಚ್ಚಿಕೊಂಡಿರುತ್ತದೆ. ಬಿಸಿ ರೇಡಿಯೇಟರ್ ಮುಚ್ಚಳ ಒಮ್ಮೆಗೇ ತೆಗೆಯಬೇಡಿ, ಒತ್ತಡ ಇಳಿಯುವವರೆಗೆ ಕಾಯಿರಿ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ, ಬದಲಾಯಿಸಿದ ರಸೀದಿ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ಹಿಡಿಯಿರಿ. ಬೆಲ್ಟ್, ಟೆನ್ಷನರ್, ಕ್ರ್ಯಾಂಕ್ ಮತ್ತು ಕ್ಯಾಮ್ ಸೀಲ್ ಒಟ್ಟಿಗೆ. ಬೆಲ್ಟ್ ಹರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ.

ಕೊನೆಗೆ ಒಂದು. ನಿಂತು ಉರಿದ ಗಂಟೆ ಮೀಟರಿನಲ್ಲಿ ಬರೋದಿಲ್ಲ. ಒಂದು ಗಂಟೆ ಐಡಲ್ ಅಂದರೆ ಎಂಜಿನ್ ಸವೆತದ ಲೆಕ್ಕದಲ್ಲಿ 40ರಿಂದ 50 ಕಿಮೀ ಅಂತ ಹಿಡಿಯುವುದು ರೂಢಿ. ಸೈಟಿನಲ್ಲಿ ದುಡಿದ ಗಾಡಿಗೆ 2.4 ಲಕ್ಷ ಬರೀ ಅರ್ಧ ಕತೆ. ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಲು ಒಪ್ಪಿದರೆ ಕಳಿಸಿ: ಸಿಲಿಕಾನ್ ಹೆಚ್ಚಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಹೋಗಿದೆ, ಸೋಡಿಯಂ ಇದ್ದರೆ ಕೂಲಂಟ್, ಕಬ್ಬಿಣ ಇದ್ದರೆ ಲೈನರ್ ಸವೆತ.

ಹಬ್ಬುಡ್ರಮ್ಮು

ಬ್ರೇಕ್ ಬಗ್ಗೆ ಯಾರೂ ಮಾತಾಡಿಲ್ಲ. ಹಿಂದೆ 50 ಮಿಮೀ ಎತ್ತರಿಸಿದ್ದಾರೆ ಅಂದಿರಿ. ಈ ಗಾಡಿಗಳಲ್ಲಿ ಚಾಸಿಯ ಮೇಲೆ ಒಂದು ವಾಲ್ವ್, ಅದರಿಂದ ಹಿಂದಿನ ಆಕ್ಸಲ್‌ಗೆ ಒಂದು ರಾಡು ಇರುತ್ತದೆ. ಲೋಡು ಬಿದ್ದು ಹಿಂಭಾಗ ಕುಸಿದಾಗ ರಾಡು ಏರಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಸ್ಪ್ರಿಂಗ್ ಎತ್ತರಿಸಿದರೆ, ಏರ್ ಬ್ಯಾಗ್ ಊದಿಸಿದರೆ, ವಾಲ್ವ್ ಪಾಲಿಗೆ ಗಾಡಿ ಸದಾ ಖಾಲಿ. ತುಂಬಿದ ಲೋಡಿನಲ್ಲಿ ಹಿಂದಿನ ಡ್ರಮ್ ಸುಮ್ಮನಿರುತ್ತದೆ, ಮುಂದಿನ ಬ್ರೇಕು ಮಾತ್ರ ದುಡಿದು ಕಾಯುತ್ತದೆ. ರಾಡಿನ ಬ್ರ್ಯಾಕೆಟ್ ಎತ್ತರಕ್ಕೆ ತಕ್ಕಂತೆ ಹೊಂದಿಸಿದ್ದಾರಾ ನೋಡಿ. ರಾಡನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವ ಜಾಣರೂ ಇದ್ದಾರೆ. ಆಗ ಖಾಲಿ ಗಾಡಿ, ಒದ್ದೆ ರಸ್ತೆ, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿ ನಿಲ್ಲುತ್ತದೆ.

ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್: ಎಂಜಿನ್ ಆರಿಸಿ ಪೆಡಲ್ ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿ, ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಇಲ್ಲ. ಇಂಥ ಹಲವು ಡೀಸೆಲ್‌ಗಳಲ್ಲಿ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರ್ ಬೆನ್ನಿಗೇ ಇರುತ್ತದೆ, ಅದರ ಸೀಲ್ ಹೋದರೆ ಆಯಿಲ್ ಒಳಗೆ ಹೋಗಿ ಬ್ರಷ್ ಹಾಳು, ಬ್ರೇಕೂ ಚಾರ್ಜಿಂಗೂ ಒಟ್ಟಿಗೇ ಹೋಗುತ್ತವೆ. ಬ್ರೇಕ್ ಆಯಿಲ್ ಹೊಸದು ತುಂಬಿ. ಡಾಟ್ 4 ಹೊಸದಿದ್ದಾಗ 230 ಡಿಗ್ರಿಯಲ್ಲಿ ಕುದಿಯುತ್ತದೆ, ನೀರು ಹೀರಿದ ಮೇಲೆ ಮಾನದಂಡದ ಕನಿಷ್ಠ 155. ಟ್ರೇಲರ್ ಎಳೆದು ಇಳಿಯುವಾಗ ಆ ವ್ಯತ್ಯಾಸವೇ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗುವುದು. 2,000 ಕೆಜಿ ಟ್ರೇಲರಿಗೆ ತನ್ನದೇ ಬ್ರೇಕು ಇರಲೇಬೇಕು.

ಮುಂದಿನ ಆಕ್ಸಲ್: ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಪ್ಲೇ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್ ಪಿನ್ (ಚಕ್ರ ಎಡಬಲ ತಿರುಗಲು ಆಧಾರವಾದ ಪಿನ್ನು). ಅದೇ ಕೀಲಿನ ಉಕ್ಕಿನ ಗುಂಡಿನ (ನಕಲ್) ಮೇಲೆ ಗ್ರೀಸ್ ದಪ್ಪಗಿರಬೇಕು. ತೆಳ್ಳಗೆ ಆಯಿಲ್ ಕಲಸಿದ ಸಾರಿನಂತೆ ಸುರಿಯುತ್ತಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿ ಕ್ರೌನ್ ಆಯಿಲ್ (ಆಕ್ಸಲ್ ನಡುವಿನ ಗೇರಿನ ಆಯಿಲ್) ಬಂದು ಸೇರಿದೆ.

ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ತಾನೆ? ಚಕ್ರದ ನಡುವೆ ಹೊರಗೆ ಚಾಚಿದ ಹಬ್, ಅದರ ಸುತ್ತ ಬೋಲ್ಟುಗಳ ಸಾಲು ಕಂಡರೆ ಹೌದು. ಅದರಲ್ಲಿ ಭಾರ ಹೊರುವುದು ಹೌಸಿಂಗ್, ಶಾಫ್ಟು ಬರೀ ತಿರುಗಿಸುತ್ತದೆ. ಶಾಫ್ಟ್ ಮುರಿದರೂ ಚಕ್ರ ಕಳಚಿ ಹೋಗುವುದಿಲ್ಲ. ಭಾರದ ಕೆಲಸಕ್ಕೆ ಹಳೇ ವಿನ್ಯಾಸದ ನಿಜವಾದ ಲಾಭ ಇದು. ಹೌಸಿಂಗಿನ ಉಸಿರುಪೈಪು ಕೆಸರಿನಿಂದ ಮುಚ್ಚಿದೆಯಾ ನೋಡಿ. ಮುಚ್ಚಿದ್ದರೆ ಬಿಸಿಯಾದಾಗ ಒಳಗಿನ ಒತ್ತಡ ಸೀಲನ್ನು ತಳ್ಳಿ ಆಯಿಲ್ ಬ್ರೇಕ್ ಶೂ ಮೇಲೆ ಇಳಿಯುತ್ತದೆ. ಉಸಿರುಪೈಪ್ ಸರಿ ಮಾಡದೆ ಸೀಲ್ ಎಷ್ಟು ಸಲ ಬದಲಾಯಿಸಿದರೂ ಅಷ್ಟೇ.

ಕಾಮನ್‌ರೈಲು

ಒಂದು ಎದುರು ಮಾತು. ಹಳೇ ವಿನ್ಯಾಸ ಬೇರೆ, ಹಳೇ ಗಾಡಿ ಬೇರೆ. 1984ರಲ್ಲಿ ಬಂದ ಲ್ಯಾಂಡ್ ಕ್ರೂಸರ್ 70 ಸರಣಿ ಇವತ್ತಿಗೂ ಹೊಸದಾಗಿ ತಯಾರಾಗುತ್ತಿದೆ. ಅಂಥದ್ದನ್ನು ಹೊಸದು ಕೊಂಡರೆ ವಿನ್ಯಾಸದ ಲಾಭ ಮಾತ್ರ ಸಿಗುತ್ತದೆ. 12 ವರ್ಷದ್ದು ಕೊಂಡರೆ ಹಿಂದಿನವರು ಮಾಡಿದ್ದೆಲ್ಲ ಜೊತೆಗೆ ಬರುತ್ತದೆ.

ಶಕ್ತಿಯ ಲೆಕ್ಕವನ್ನೂ ಇಟ್ಟುಕೊಳ್ಳಿ. ಈ ಬಗೆಯ ಟರ್ಬೊ ಇಲ್ಲದ 4.2 ಲೀಟರ್ ಎಂಜಿನ್ 96 ಕಿಲೋವ್ಯಾಟ್, ಅದೂ 3,800 ಸುತ್ತಿನಲ್ಲಿ, ಮತ್ತು 285 ಎನ್‌ಎಂ. ಗಾಡಿ ಟ್ರೇಲರ್ ಸೇರಿ 5,300 ಕೆಜಿಯನ್ನು 6% ಏರಿನಲ್ಲಿ ಗಂಟೆಗೆ 50 ಕಿಮೀ ಹತ್ತಿಸಲು ಚಕ್ರದ ಬಳಿಯೇ 55ರಿಂದ 60 ಕಿಲೋವ್ಯಾಟ್ ಬೇಕು. ಮೂರನೇ ಗೇರು ಸಾಲದೆ ಎರಡಕ್ಕೆ ಇಳಿಯುವ ಜಾಗ ಅದು. ನಿಧಾನಕ್ಕೆ ಒಪ್ಪುವ ಕೆಲಸವಾದರೆ ಟರ್ಬೊ ಬಿಚ್ಚಿ ಪಂಪ್ ಮೂಲ ಅಳತೆಗೆ ತರುವುದು ಒಳ್ಳೆಯದು. ಒಪ್ಪದಿದ್ದರೆ ಈ ಗಾಡಿಯೇ ಸರಿಯಲ್ಲ. 5ನೇ ಗೇರಿನಲ್ಲಿ ಭಾರ ಎಳೆಯಬೇಡಿ, ಓವರ್‌ಡ್ರೈವ್ ಗೇರಿನ ಹಲ್ಲು ಮತ್ತು ಬೇರಿಂಗ್ ಅದಕ್ಕೆ ಮಾಡಿದ್ದಲ್ಲ.

ಎಬಿಎಸ್, ಅಪಘಾತದಲ್ಲಿ ಜನರನ್ನು ಕಾಯುವ ಏರ್ ಬ್ಯಾಗ್ ಇಲ್ಲದ ಗಾಡಿಯನ್ನು ಒಳಗೆ ಬಿಡದ ಸೈಟುಗಳಿವೆ. ಕೆಲಸ ಕೊಡುವವರ ನಿಯಮ ಮೊದಲೇ ಕೇಳಿಕೊಳ್ಳಿ. ಚಾಸಿ ನಂಬರ್ ಕೊಟ್ಟು ಕಿಂಗ್ ಪಿನ್ ಕಿಟ್, ಕ್ಲಚ್ ಪ್ಲೇಟ್, ವೀಲ್ ಸಿಲಿಂಡರ್, ವಾಟರ್ ಪಂಪ್ ನಾಲ್ಕರ ಲಭ್ಯತೆ ವಿಚಾರಿಸಿ. ಬಿಡಿಭಾಗ ಬರಲು ತಿಂಗಳಾದರೆ ಸರಳ ಎಂಜಿನ್ನಿಂದ ಏನು ಬಂತು.

ನಟ್ಟುಬೋಲ್ಟು

ವೇಬ್ರಿಡ್ಜ್ ಅಂಕಿ: ಟ್ಯಾಂಕ್ ತುಂಬಿ, ಡ್ರೈವರ್ ಒಬ್ಬರೇ, ಬಾಡಿ ಖಾಲಿ, ಟೂಲ್ ಬಾಕ್ಸ್ ಇದೆ. ಮುಂದೆ 1,330, ಹಿಂದೆ 1,310, ಒಟ್ಟು 2,640. ದಾರ ಹಿಡಿದು ನೋಡಿದಾಗ ಚಾಸಿ ಎರಡೂ ಬದಿ ಸಮ, ಬಿರುಕು ಕಾಣಲಿಲ್ಲ. ಪಂಪಿನ ಸೀಲು ಒಡೆದಿದೆ. ವಾಲ್ವ್ ರಾಡು ಹೊಂದಿಸಿಲ್ಲ. ಕಂಪ್ರೆಶನ್ ಆರೂ ಸಿಲಿಂಡರ್ 8% ಒಳಗೆ.

ತೂಕದ ಲೆಕ್ಕ

ಅಂದಾಜಿಗಿಂತ 40 ಕೆಜಿ ಹೆಚ್ಚೇ ಬಂತು. 2,640 + ಇನ್ನೊಬ್ಬರು 80 + ಸಾಮಾನು 750 + ಕೊಂಡಿ 200 = 3,670. ಮಿತಿಗಿಂತ 370 ಹೆಚ್ಚು. ಹಿಂದಿನ ಆಕ್ಸಲ್: 1,310 ಇತ್ತು, ಸಾಮಾನು ಆಕ್ಸಲ್‌ಗಿಂತ 20 ಸೆಂಮೀ ಮುಂದೆ ಕೂತರೆ 703, ಕೊಂಡಿಯಿಂದ 278, ಪಕ್ಕದವರಿಂದ ಸುಮಾರು 36. ಒಟ್ಟು 2,327. ಅದೂ ದಾಟಿತು. ಜನರೇಟರನ್ನು ಬಾಡಿಯ ಬಾಲದಲ್ಲಿ ಇಟ್ಟರೆ ಇನ್ನೂ ಹೆಚ್ಚು.

ಹೀಗೆ ಮಾಡಿದರೆ ಹೊಂದುತ್ತದೆ: 250 ಕೆಜಿ ಜನರೇಟರ್ ಟ್ರೇಲರ್ ಮೇಲೆ, ಟ್ರೇಲರ್ ಆಕ್ಸಲ್‌ಗಿಂತ ತುಸು ಮುಂದಕ್ಕೆ. ಟ್ರೇಲರ್ 2,250 ಆಗುತ್ತದೆ, ಕೊಂಡಿ 225. ಟ್ರೇಲರಿನ ಸ್ವಂತ ಮಿತಿ ಅಷ್ಟಿದೆಯಾ, ಗಾಡಿ ಮತ್ತು ಟ್ರೇಲರ್ ಒಟ್ಟುಗೂಡಿದ ಮಿತಿ ಎಷ್ಟು ಅಂತ ಪ್ಲೇಟ್ ನೋಡಿ. ಆಗ ಪಿಕಪ್ 2,640 + 80 + 500 + 225 = 3,445. ಬುಲ್ ಬಾರ್ ಮತ್ತು ವಿಂಚ್ ತೆಗೆದರೆ 110 ಇಳಿಯುತ್ತದೆ, ಉಕ್ಕಿನ ಬಾಡಿ ಬದಲು ಅಲ್ಯೂಮಿನಿಯಂ ಹಾಕಿದರೆ 95ರ ಸುಮಾರು. 3,240ಕ್ಕೆ ಬಂತು, 60 ಕೆಜಿ ಕೈಯಲ್ಲಿದೆ.

ಚಾಸಿಮೇಷ್ಟ್ರು

ಬ್ಯಾಗ್ ಬಿಚ್ಚಿಸಿ, ಈ ಹೊಸ ತೂಕಕ್ಕೆ ತಕ್ಕ ಸ್ಪ್ರಿಂಗ್ ಕಟ್ಟಿಸಿ, ಆಮೇಲೆ ರಾಡು ಹೊಂದಿಸಿ. ಈ ಕ್ರಮ ತಿರುವುಮುರುವು ಮಾಡಿದರೆ ರಾಡನ್ನು ಎರಡು ಸಲ ಹೊಂದಿಸಬೇಕಾಗುತ್ತದೆ. ಬೆಲೆ ಮಾತಾಡುವಾಗ ಕಡಿತಕ್ಕೆ ಹಿಡಿಯಬೇಕಾದ್ದು: ಬಾಡಿ, ಸ್ಪ್ರಿಂಗ್ ಮತ್ತು ಹೊಸ ಯು ಬೋಲ್ಟ್, ಪಂಪ್ ಕ್ಯಾಲಿಬ್ರೇಶನ್, ಟೈರ್, ಬೆಲ್ಟ್ ಕಿಟ್. ಬಿಚ್ಚಿದ ಟರ್ಬೊವನ್ನು ಮಾಲೀಕರೇ ಇಟ್ಟುಕೊಳ್ಳಲಿ, ಅದಕ್ಕೆ ಬೆಲೆ ಕಟ್ಟಬೇಡಿ.